ಎರಡು ಲಕ್ಷ ಐವತ್ತಾರು ಸಾವಿರದ ದೀಪ

"ಸರ್, ನೀವು ಲೌಂಜಲ್ಲಿ ಕೂತಿರಿ, ಕಾಫಿ ಕಳಿಸ್ತೀನಿ" ಅಂದಾಗಲೇ ನನಗೆ ಗೊತ್ತಾಗಬೇಕಿತ್ತು. ಕಾಫಿ ಫ್ರೀ ಇರುವ ಕಡೆ ಬೇರೆ ಯಾವುದೂ ಫ್ರೀ ಇರುವುದಿಲ್ಲ.

ಕಾರು ನನ್ನದೇ. 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್, ಜರ್ಮನಿಯದು, ಕೆಂಪು ಬಣ್ಣ, ಎರಡೇ ಬಾಗಿಲು, ಟರ್ಬೊ ಪೆಟ್ರೋಲ್. ಕಂಪನಿ ಹೆಸರು ಇಲ್ಲಿ ಬೇಡ. ಹಿಂದಿನ ಸೀಟು ಇದೆ ಅಂತ ಕಾಗದದ ಮೇಲೆ ಹೇಳುತ್ತಾರೆ, ಅಲ್ಲಿ ಒಂದು ಲ್ಯಾಪ್‌ಟಾಪ್ ಬ್ಯಾಗು ಮತ್ತು ಒಂದು ಚೀಲ ಜೋಳದ ಹಿಟ್ಟು ಕೂರುತ್ತವೆ, ಮನುಷ್ಯರಲ್ಲ. ಇಎಂಐ ನಲವತ್ತೆಂಟು ತಿಂಗಳು. ರಾವೂರಿನ ಕಲ್ಲಿನ ಖಣಿಯಲ್ಲಿ ದುಡಿದವನ ಮಗ ಇಂಥ ಕಾರು ಯಾಕೆ ತಗೊಂಡ ಅಂತ ಕೇಳಿದರೆ, ಖಣಿಯಲ್ಲಿ ದುಡಿದವನ ಮಗ ಅನ್ನೋ ಕಾರಣಕ್ಕೇ ಅಂತ ಹೇಳಬೇಕಾಗುತ್ತದೆ.

ಮಾರ್ಚ್ ಮೊದಲ ವಾರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಇಂಜಿನ್ನಿನ ಆಕಾರದ ಆ ಚಿಕ್ಕ ಚಿತ್ರ ನಿಮಗೂ ಗೊತ್ತಿರುತ್ತದೆ. ಗಾಡಿ ಓಡುತ್ತಿತ್ತು, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಸ್ವಲ್ಪ ನಡುಗುತ್ತಿತ್ತು. ಸರ್ವಿಸ್ ಸೆಂಟರಿಗೆ ಬಿಟ್ಟೆ. ಎರಡು ಗಂಟೆ ಬಿಟ್ಟು ಅಡ್ವೈಸರ್ ಒಂದು ಹಾಳೆ ಹಿಡಿದು ಬಂದ. ಕೋಡು P0171. ಕೆಳಗೆ ಎಸ್ಟಿಮೇಟು: ನಾಲ್ಕು ಇಂಜೆಕ್ಟರ್‌ಗಳು 98,000. ಹೈ ಪ್ರೆಶರ್ ಫ್ಯುಯೆಲ್ ಪಂಪ್ 62,000. ಗಾಳಿ ಅಳೆಯುವ ಸೆನ್ಸರ್ 28,400. ನಾಲ್ಕು ಇಗ್ನಿಶನ್ ಕಾಯಿಲ್ 34,000. ನಾಲ್ಕು ಸ್ಪಾರ್ಕ್ ಪ್ಲಗ್ 7,600. ಲೇಬರ್ ಮತ್ತು ಇತರೆ 26,000. ತೆರಿಗೆ ಸೇರಿ ಒಟ್ಟು 2,56,000 ರೂಪಾಯಿ. 256 ಅನ್ನೋ ಸಂಖ್ಯೆ ಕಂಡರೆ ನಮ್ಮಂಥ ಇಂಜಿನಿಯರುಗಳಿಗೆ ಖುಷಿಯಾಗಬೇಕು. ಅವತ್ತು ಆಗಲಿಲ್ಲ.

ಇದರ ಜೊತೆಗೆ ಡಯಾಗ್ನೊಸ್ಟಿಕ್ ಚಾರ್ಜ್ ಅಂತ 3,500 ರೂಪಾಯಿ. ಅದನ್ನು ಅಲ್ಲೇ ಕಟ್ಟಿಸಿಕೊಂಡರು.

ಈಗ ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ನನ್ನ ಕೆಲಸವೇ ತಪ್ಪು ಹುಡುಕುವುದು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಜೂನಿಯರ್ ಹುಡುಗನೊಬ್ಬ "ಸರ್, ಎರರ್ ಬಂದಿದೆ, ಡೇಟಾಬೇಸ್ ಬದಲಾಯಿಸೋಣ, ನೆಟ್‌ವರ್ಕ್ ಬದಲಾಯಿಸೋಣ, ಜೊತೆಗೆ ಮೂರು ಮಶೀನೂ ಬದಲಾಯಿಸೋಣ" ಅಂದರೆ ನಾನು ಅವನನ್ನು ಸುಮ್ಮನೆ ಬಿಡುತ್ತೇನಾ? "ಯಾವುದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು, ಲಾಗ್ ತೋರಿಸು" ಅನ್ನುತ್ತೇನೆ. ಅದೇ ನಾನು ಆ ತಣ್ಣನೆ ಲೌಂಜಿನಲ್ಲಿ, ಕೈಯಲ್ಲಿ ಕಾಫಿ ಹಿಡಿದು, "ಓಕೆ, ವಿಲ್ ಲೆಟ್ ಯು ನೋ" ಅಂದೆ. ಒಂದು ಪ್ರಶ್ನೆ ಕೇಳಲಿಲ್ಲ. ಪಕ್ಕದ ಸೋಫಾದಲ್ಲಿದ್ದವರು ತಮ್ಮ ಬಿಲ್ಲನ್ನು ನೋಡದೇ ಕಾರ್ಡು ಕೊಟ್ಟಿದ್ದರು. ಇಂಥ ಗಾಡಿ ಇಟ್ಟವನು ರೇಟು ಕೇಳಬಾರದು, ಕೇಳಿದರೆ ಇವನು ಈ ಗಾಡಿಯವನಲ್ಲ ಅಂತ ಗೊತ್ತಾಗಿಬಿಡುತ್ತದೆ ಅನ್ನೋ ಅಂಜಿಕೆ. ನನಗೆ ತಿಳಿಯದ್ದಕ್ಕೆ ನಾನು ಸುಮ್ಮನಾದದ್ದಲ್ಲ, ಅಂಜಿಕೆಗೆ ಸುಮ್ಮನಾದದ್ದು.

ಅಪ್ಪ ಫೋನಿನಲ್ಲಿ "ಗಾಡಿ ಹ್ಯಾಂಗದ?" ಅಂದರು. "ಸಣ್ಣ ರಿಪೇರಿ, ನಲವತ್ತು ಸಾವಿರ ಅಂತಾರ" ಅಂದೆ. ನಲವತ್ತಕ್ಕೇ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಯುಗಾದಿಗೆ ಗಾಡಿ ತರ್ತೀನಿ ಅಂತ ಮೊದಲೇ ಮಾತು ಕೊಟ್ಟಿದ್ದೆ. ದೀಪ ಹತ್ತಿದ್ದಾಗಲೂ ಅಷ್ಟು ದೂರ ಹೊರಟದ್ದು ಮಾಡಬಾರದ ಕೆಲಸ, ನೀವು ಮಾಡಬೇಡಿ. ಹೊರಡುವ ಮುಂಚೆ ಆನ್‌ಲೈನಿನಲ್ಲಿ 1,200 ರೂಪಾಯಿಯ ಬ್ಲೂಟೂತ್ ಡಾಂಗಲ್ ಒಂದನ್ನು ತರಿಸಿಕೊಂಡೆ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿದರೆ ಮೊಬೈಲಿನಲ್ಲಿ ಇಂಜಿನ್ನಿನ ಲೆಕ್ಕವೆಲ್ಲ ಕಾಣುತ್ತದೆ. ಸರ್ವಿಸ್ ಸೆಂಟರಿನವರು 3,500 ತಗೊಂಡು ಓದಿದ ಅದೇ ಕೋಡು ಇದರಲ್ಲೂ ಬಂತು.

ಈ ಸಾಕೆಟ್ಟಿನ ಕತೆ ಚೆನ್ನಾಗಿದೆ. ಹಳದಿ ದೀಪ ನಮ್ಮ ಜೇಬಿನ ಮೇಲಿನ ಕಾಳಜಿಗೆ ಹುಟ್ಟಿದ್ದಲ್ಲ, ಹೊಗೆಗೆ ಹುಟ್ಟಿದ್ದು. ಲಾಸ್ ಏಂಜಲೀಸ್‌ನ ಹೊಗೆಮಂಜಿನ ಕಾಟಕ್ಕೆ ಕ್ಯಾಲಿಫೋರ್ನಿಯಾ ರಾಜ್ಯ, ಗಾಡಿ ತನ್ನ ಹೊಗೆಯ ವ್ಯವಸ್ಥೆಯನ್ನು ತಾನೇ ಕಾಯ್ದುಕೊಂಡು ಕೆಟ್ಟರೆ ಹೇಳಬೇಕು ಅಂತ ಕಾನೂನು ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರಿಗೂ ಒಂದೇ ಥರದ ಸಾಕೆಟ್, ಒಂದೇ ಥರದ ಕೋಡು ಕಡ್ಡಾಯವಾದವು. ನಮ್ಮಲ್ಲಿ ಬಿಎಸ್-4 ಕಾಲದಲ್ಲಿ, 2013ರ ಏಪ್ರಿಲ್‌ನಿಂದ ಬಂತು. P ಅಂದರೆ ಇಂಜಿನ್ ಮತ್ತು ಗೇರಿನ ವಿಭಾಗ. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. P0171 ಅಂದರೆ "ಮಿಶ್ರಣ ತೆಳುವಾಗಿದೆ". ಅಷ್ಟೇ. ಇಂಜೆಕ್ಟರ್ ಬದಲಿಸು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಯಾದಗಿರಿವರೆಗೆ ನಿಧಾನವಾಗಿ ಬಂದೆ. ನಾಲವಾರ ದಾಟಿದ ಮೇಲೆ, ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣುವ ಹೊತ್ತಿಗೆ, ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿ ಕೆಮ್ಮಿತು. ಸುಮ್ಮನೆ ಉರಿಯುತ್ತಿದ್ದ ದೀಪ ಮಿಟುಕಲು ಶುರುವಾಯಿತು. ಈ ವ್ಯತ್ಯಾಸ ಗೊತ್ತಿರಲಿ: ದೀಪ ಸ್ಥಿರವಾಗಿದ್ದರೆ ಬೇಗ ತೋರಿಸಿ ಅಂತ, ಮಿಟುಕಿದರೆ ಈಗಲೇ ಎಕ್ಸಲರೇಟರ್ ಬಿಡು ಅಂತ. ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೇ ಹಾಗೇ ಸೈಲೆನ್ಸರಿನ ದಾರಿ ಹಿಡಿದಾಗ, ನಡುವೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ಹಿಂದೆ ಫರಸಿ ಕಲ್ಲು ತುಂಬಿದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಇಪ್ಪತ್ತರ ಸ್ಪೀಡಿನಲ್ಲಿ ನನ್ನ ಸ್ಪೋರ್ಟ್ಸ್ ಕಾರು ರಾವೂರು ಸೇರಿತು. ಸೈಕಲ್ ಮೇಲೆ ಹುಡುಗರು ಓವರ್‌ಟೇಕ್ ಮಾಡಿ ತಿರುಗಿ ನೋಡಿ ನಕ್ಕರು.

ಬೆಂಗಳೂರಿಗೆ ಫೋನ್ ಮಾಡಿದೆ. "ಸರ್, ಡ್ರೈವ್ ಮಾಡಬೇಡಿ, ಫ್ಲಾಟ್‌ಬೆಡ್‌ನಲ್ಲಿ ಹೈದರಾಬಾದಿಗೆ ಕಳಿಸಿ. ಕ್ಯಾಟಲಿಟಿಕ್ ಕನ್ವರ್ಟರೂ ಹೋಗಿರುತ್ತೆ, ಒಂದು ನಲವತ್ತು ಎಕ್ಸ್‌ಟ್ರಾ ಆಗುತ್ತೆ." ಒಂದು ನಲವತ್ತು ಅಂದರೆ ಒಂದು ಲಕ್ಷ ನಲವತ್ತು ಸಾವಿರ. ಗಾಡಿ ನೋಡದೆಯೇ.

ಸಂಜೆ ಅಪ್ಪ ಕಾರು ಒರೆಸುತ್ತಿದ್ದರು. ಬೇಡ ಅಂದರೂ ಕೇಳಲಿಲ್ಲ, ಸಿಮೆಂಟಿನ ಧೂಳು ಕೂತದ ಅಂದರು. ಒಳಗೆ ಸೀಟಿನ ಮೇಲೆ ಬಿದ್ದಿದ್ದ ಎಸ್ಟಿಮೇಟಿನ ಹಾಳೆ ಅವರ ಕೈಗೆ ಸಿಕ್ಕಿತು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅಂಕಿ ಬರುತ್ತವೆ. ಜೀವನಪೂರ್ತಿ ಕಲ್ಲಿನ ಚದರಡಿ ಲೆಕ್ಕ ಹಾಕಿದವರು. ಕಟ್ಟೆಯ ಮೇಲೆ ಕೂತು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ನಲವತ್ತು ಅಂದಿದ್ದಿ."

ನಾನು ಸುಮ್ಮನಿದ್ದೆ.

"ಇರ್ಲಿ. ಇದರಾಗ ಕೆಟ್ಟಿದ್ದು ಯಾವುದು?"

"ಗೊತ್ತಿಲ್ಲಪಾ. ಎಲ್ಲಾ ಬದಲು ಮಾಡ್ಬೇಕಂತ."

"ಕೆಟ್ಟಿದ್ದು ಯಾವುದಂತ ಕೇಳಿದ್ಯಾ?"

ಐದನೇ ಕ್ಲಾಸು ಓದಿದ ಮನುಷ್ಯ. ನಾನು ಲೌಂಜಿನಲ್ಲಿ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆ ಅದು. ಕೇಳಿಲ್ಲ ಅಂದೆ. ಅಪ್ಪ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡು, "ನಾಳಿ ಮಿಸ್ತ್ರಿನ ಕರೀತೀನಿ" ಅಂತ ಒಳಗೆ ಹೋದರು.

ಮಿಸ್ತ್ರಿ ಅಂದರೆ ನಮಗೆಲ್ಲ ಚಾಚಾ. ಖಣಿಯ ಟಿಪ್ಪರು, ಟ್ರ್ಯಾಕ್ಟರು, ಬಾವಿ ತೋಡುವ ಕಂಪ್ರೆಸರ್ ರಿಪೇರಿ ಮಾಡುತ್ತಲೇ ಗಡ್ಡ ಬೆಳ್ಳಗಾದವರು. ನಾನು ಸಣ್ಣವನಿದ್ದಾಗ ಅವರ ಗ್ಯಾರೇಜಿನಲ್ಲಿ ಬೇರಿಂಗ್‌ನ ಗುಂಡುಗಳನ್ನು ಗೋಲಿ ಮಾಡಿಕೊಂಡು ಆಡಿದ್ದೇನೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಇವರಿಂದ ಇದು ಆಗುವ ಕೆಲಸವಲ್ಲ ಅನ್ನಿಸಿತ್ತು. ಟಿಪ್ಪರ್ ಮಿಸ್ತ್ರಿಗೆ ಜರ್ಮನ್ ಟರ್ಬೊ ಏನು ತಿಳಿಯುತ್ತದೆ ಅಂತ. ಅಪ್ಪನ ಮುಖ ನೋಡಿ ಬಾನೆಟ್ ಎತ್ತಿದೆ.

ಚಾಚಾ ಮೊದಲು ಏನನ್ನೂ ಮುಟ್ಟಲಿಲ್ಲ. "ಚಾಲೂ ಮಾಡು ಬೇಟಾ" ಅಂದರು. ಕಿವಿ ಕೊಟ್ಟು ನಿಂತರು. ಪಕ್ಕದ ಮನೆಯ ರೇಡಿಯೋ ಬಂದ್ ಮಾಡಿಸಿದರು.

"ಸೀಟಿ ಹೊಡಿಲಕತ್ತದ. ಕೇಳ್ಸಲಕತ್ತದೇನು?"

ನನಗೆ ಕೇಳಿಸಲಿಲ್ಲ. ಮೂರು ವಾರ ಆ ಗಾಡಿ ಓಡಿಸಿದವನಿಗೆ, ಹನ್ನೆರಡು ಸ್ಪೀಕರ್ ಇರುವ ಗಾಡಿಯಲ್ಲಿ, ಆ ಸಣ್ಣ ಸೀಟಿ ಒಮ್ಮೆಯೂ ಕೇಳಿಸಿರಲಿಲ್ಲ.

"ಎಣ್ಣಿ ಹಾಕೋ ಮುಚ್ಚಳ ತೆಗಿ. ಬಂದ್ ಮಾಡಬ್ಯಾಡ, ಹಂಗೇ ತೆಗಿ."

ತಿರುಗಿಸಿದೆ. ಮುಚ್ಚಳ ಮೇಲೆ ಏಳಲೇ ಇಲ್ಲ, ಒಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ. ಜೋರು ಮಾಡಿ ಎತ್ತಿದ ಕೂಡಲೇ ಇಂಜಿನ್ ಗಡಗಡ ನಡುಗಿತು.

ಚಾಚಾ ನಕ್ಕರು. ಅವರು ಹೇಳಿದ್ದು ಇಷ್ಟು: ಹಳೇ ಡೀಸೆಲ್ ಇಂಜಿನ್ ತಂದರೆ ಅವರು ಮೊದಲು ನೋಡುವುದೇ ಈ ಮುಚ್ಚಳ ತೆಗೆದು. ರಿಂಗ್ ಸವೆದಿದ್ದರೆ ಅಲ್ಲಿಂದ ಭುಸಭುಸ ಅಂತ ಹೊಗೆ ಹೊರಗೆ ಬರುತ್ತದೆ. "ಇದು ಉಲ್ಟಾ ಅದ. ಒಳಗ ಎಳೀಲಕತ್ತದ. ಎಲ್ಲೋ ಪರದಾ ಹರದದ ಬೇಟಾ, ಇಲ್ಲದ ದಾರಿಲಿಂದ ಗಾಳಿ ಕುಡೀಲಕತ್ತದ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆಯೊಳಗೆ ಒಂದು ದೀಪ ಹತ್ತಿತು. ಮೊಬೈಲ್ ತೆಗೆದೆ. ಮೂರು ದಿನದಿಂದ ಆ ಅಂಕಿಗಳು ನನ್ನ ಕೈಯಲ್ಲೇ ಇದ್ದವು, ನಾನೇ ಓದಿರಲಿಲ್ಲ.

ಸ್ವಲ್ಪ ತಾಳಿಕೊಂಡರೆ ಹೇಳುತ್ತೇನೆ, ಇದು ಗೊತ್ತಿದ್ದರೆ ನಿಮಗೂ ದುಡ್ಡು ಉಳಿಯಬಹುದು. ಒಂದು ಪಾಲು ಪೆಟ್ರೋಲ್ ಚೆನ್ನಾಗಿ ಉರಿಯಲು ತೂಕದಲ್ಲಿ ಹದಿನಾಲ್ಕೂವರೆ ಪಾಲಿಗಿಂತ ತುಸು ಹೆಚ್ಚು ಗಾಳಿ ಬೇಕು. ಒಳಬರುವ ಗಾಳಿಯನ್ನು ಒಂದು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಉರಿದ ಮೇಲೆ ಹೊರಗಿನ ಆಕ್ಸಿಜನ್ ಸೆನ್ಸರ್ ಲೆಕ್ಕ ಸರಿಹೋಯಿತಾ ಅಂತ ನೋಡುತ್ತದೆ. ಸರಿಹೋಗದಿದ್ದರೆ ಕಂಪ್ಯೂಟರ್ ಇಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಅಂತ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯ ಹೆಸರೇ ಫ್ಯುಯೆಲ್ ಟ್ರಿಮ್. ಅತ್ತ ಇತ್ತ ಐದಾರು ಶೇಕಡಾ ಇದ್ದರೆ ಚಿಂತೆ ಇಲ್ಲ. ನನ್ನ ಗಾಡಿಯಲ್ಲಿ ನಿಂತಲ್ಲಿ ನಿಂತಾಗ +22 ಇತ್ತು. ಎಕ್ಸಲರೇಟರ್ ಒತ್ತಿ 2,500 ಆರ್‌ಪಿಎಂಗೆ ಒಯ್ದರೆ +6ಕ್ಕೆ ಇಳಿಯುತ್ತಿತ್ತು.

ಎಲ್ಲ ಗುಟ್ಟೂ ಈ ಎರಡು ಅಂಕಿಯ ನಡುವೆ ಇದೆ. ಮಿಶ್ರಣ ತೆಳುವಾಗಲು ಎರಡು ದಾರಿ. ಒಂದೋ ಪೆಟ್ರೋಲ್ ಕಡಿಮೆ ಬರುತ್ತಿದೆ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಹೆಚ್ಚು ಬರುತ್ತಿದೆ. ಪಂಪು, ಇಂಜೆಕ್ಟರ್ ಸೋತಿದ್ದರೆ ಇಂಜಿನ್ ಹೆಚ್ಚು ಕೇಳಿದಷ್ಟೂ ಕೊರತೆ ಹೆಚ್ಚಬೇಕು. ಇಲ್ಲಿ ಕಡಿಮೆಯಾಗುತ್ತಿದೆ. ಸೋರಿಕೆಯ ಗಾಳಿ ಮಾತ್ರ ಹೀಗೆ ನಡೆದುಕೊಳ್ಳುತ್ತದೆ. ಕಂಬದಿಂದ ಮೀಟರ್ ದಾಟಿಸಿ ಎಳೆದ ಕಳ್ಳ ವೈರಿನ ಹಾಗೆ: ಮನೆಯಲ್ಲಿ ಒಂದೇ ಬಲ್ಬು ಉರಿಯುವಾಗ ಕದ್ದದ್ದು ದೊಡ್ಡದಾಗಿ ಕಾಣುತ್ತದೆ, ಗಿರಣಿಯೇ ಓಡುತ್ತಿದ್ದರೆ ಲೆಕ್ಕಕ್ಕೇ ಸಿಗುವುದಿಲ್ಲ. ಎಸ್ಟಿಮೇಟ್ ಬರೆದವರು "ತೆಳು" ಅನ್ನುವುದರಲ್ಲಿ ಪೆಟ್ರೋಲಿನ ಅರ್ಧ ಮಾತ್ರ ಓದಿ, ಆ ಅರ್ಧದಲ್ಲಿ ಬರುವ ಸಾಮಾನನ್ನೆಲ್ಲ ಸಾಲಾಗಿ ಬರೆದಿದ್ದರು.

ಇಂಜಿನ್ ತಲೆಯ ಮೇಲೇ ಅಂಗೈಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಡಬ್ಬಿ ಇತ್ತು. ಪಿಸಿವಿ ವಾಲ್ವ್ ಅನ್ನುತ್ತಾರೆ. ಪಿಸ್ಟನ್ ಪಕ್ಕದಿಂದ ನುಸುಳಿ ಇಂಜಿನ್ನಿನ ಹೊಟ್ಟೆಗೆ ಇಳಿಯುವ ಅನಿಲವನ್ನು ಹೊರಗೆ ಬಿಡದೇ ಮತ್ತೆ ಉರಿಯಲು ಕಳಿಸುವುದು ಅದರ ಕೆಲಸ. ಒಳಗೆ ತೆಳು ರಬ್ಬರಿನ ಪರದೆ. ನಮ್ಮ ಬಳಿ ನಕ್ಷತ್ರದ ಬಾಯಿಯ ಪಾನಾ ಇರಲಿಲ್ಲ, ವಾಡಿಯಿಂದ ತರಿಸಿದೆವು. ಬಿಚ್ಚಿ ನೋಡಿದರೆ ಪರದೆ ಅರ್ಧ ಸುತ್ತು ಹರಿದಿತ್ತು. ಚಾಚಾ ಅದನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಅಪ್ಪ ಜೇಬಿನಿಂದ ಎಸ್ಟಿಮೇಟು ತೆಗೆದು ನನ್ನ ಕೈಗೆ ಕೊಟ್ಟು, "ಇದು ಇದರಾಗ ಅದಾ?" ಅಂದರು. ಇರಲಿಲ್ಲ.

ಹೊಸದು ಬೆಂಗಳೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ 9,200ಕ್ಕೆ ಸಿಕ್ಕಿತು. ಊರಿಗೆ ಬರುತ್ತಿದ್ದ ಗೆಳೆಯ ರಾತ್ರಿ ರೈಲಿನಲ್ಲಿ ವಾಡಿ ಜಂಕ್ಷನ್‌ಗೆ ತಂದುಕೊಟ್ಟ. ಸ್ಪಾರ್ಕ್ ಪ್ಲಗ್ ಸವೆದಿದ್ದು ಖರೆ, ಆ ಒಂದು ಸಾಲಿನಲ್ಲಿ ಸರ್ವಿಸ್ ಸೆಂಟರಿನವರು ಹೇಳಿದ್ದು ಸರಿ ಇತ್ತು, ನಾಲ್ಕಕ್ಕೆ 4,400. ಜೋಡಿಸಲು ಒಂದು ಗಂಟೆ. ಫ್ಯುಯೆಲ್ ಟ್ರಿಮ್ +3ಕ್ಕೆ ಬಂದು ನಿಂತಿತು. ಕ್ಯಾಟಲಿಟಿಕ್ ಕನ್ವರ್ಟರಿಗೂ ಏನೂ ಆಗಿರಲಿಲ್ಲ, ಈವರೆಗೆ ಅದರ ಕೋಡು ಬಂದಿಲ್ಲ.

"ಎಷ್ಟು ಚಾಚಾ?"

"ಮುನ್ನೂರು ಕೊಡು."

ನಾನು ಐದು ಸಾವಿರ ಹಿಡಿದಿದ್ದೆ. ಅವರು ಅದನ್ನು ಬದಿಗೆ ಸರಿಸಿದರು. ಒಂದು ಗಂಟೆ ಬೋಲ್ಟು ಬಿಚ್ಚಿ ಹಾಕಿದ್ದಕ್ಕೆ ಮುನ್ನೂರು, ಅದು ರೇಟು. ಮೊದಲ ದಿನ ಕಿವಿಗೊಟ್ಟು ಕಂಡುಹಿಡಿದದ್ದಕ್ಕೆ ಅಂದೆ. "ನೋಡಿದ್ದಕ್ಕ ಯಾರರ ರೊಕ್ಕ ತಗೋತಾರೇನು?"

ನಾನು ತಗೋತೀನಿ ಚಾಚಾ ಅನ್ನಬೇಕೆನ್ನಿಸಿತು. ನನ್ನ ಸಂಬಳವೇ ಅದು. ಎರಡು ದಿನ ಹುಡುಕಿ ಒಂದು ಸಾಲು ಕೋಡ್ ತಿದ್ದಿದರೆ ನಮ್ಮ ಕಂಪನಿ ಕ್ಲೈಂಟಿಗೆ ಎರಡು ದಿನದ ಡಾಲರ್ ಲೆಕ್ಕ ಕಳಿಸುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಲೌಂಜಿನವರು ನೋಡಿದ್ದಕ್ಕೆ ಅಂತ 3,500 ತಗೊಂಡರು, ನೋಡಲಿಲ್ಲ. ಅವರನ್ನೂ ಪೂರ್ತಿ ಬೈಯಲು ಮನಸ್ಸಾಗುವುದಿಲ್ಲ. ಬಾಡಿಗೆ, ಎಸಿ, ತರಬೇತಿ, ತಿಂಗಳ ಟಾರ್ಗೆಟ್ಟು ಅಂತ ಅಡ್ವೈಸರ್ ಹುಡುಗನಿಗೂ ನೂರೆಂಟು ಇರುತ್ತವೆ. ಅವನ ಬಿಲ್ಲಿನಲ್ಲಿ ಸಾಮಾನಿಗೆ ಜಾಗ ಇದೆ, ಯೋಚನೆಗೆ ಇಲ್ಲ. ಅರ್ಧ ದಿನ ಹುಡುಕಿ "ಒಂದು ರಬ್ಬರ್ ಹರಿದಿದೆ ಸರ್" ಅಂದರೆ ಅವನಿಗೆ ಸಿಗುವುದೇನು?

ಚಾಚಾನಂಥವರು ಇಂಥ ಗಾಡಿಗೆ ಕೈ ಹಾಕದಂತೆ ಆದದ್ದೂ ಸುಮ್ಮನೆ ಅಲ್ಲ. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿದ್ದರು: ಕಾರು ಕಂಪನಿಗಳು ಅಸಲಿ ಬಿಡಿಭಾಗವನ್ನೂ ತಪ್ಪು ಹುಡುಕುವ ಯಂತ್ರವನ್ನೂ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಇಟ್ಟುಕೊಂಡಿವೆ ಅಂತ. ಆಯೋಗ ಅದನ್ನು ಒಪ್ಪಿ 2014ರ ಆಗಸ್ಟ್ 25ರಂದು 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು, ಎರಡನ್ನೂ ಹೊರಗಿನವರಿಗೆ ಸಿಗುವಂತೆ ಮಾಡಿ ಅಂತ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ "ರಿಪೇರಿ ಹಕ್ಕು" ಅಂತ ಒಂದು ಪೋರ್ಟಲ್ ತೆರೆದಿದೆ, ಮೊಬೈಲು, ಟ್ರ್ಯಾಕ್ಟರಿನ ಜೊತೆ ಕಾರೂ ಅದರಲ್ಲಿದೆ. ನನ್ನ ಕಾರು ತಯಾರಾದದ್ದೂ ಆ ದಂಡದ ವರ್ಷವೇ. ಹತ್ತು ವರ್ಷ ಕಳೆದರೂ ರಾವೂರಿನ ಗ್ಯಾರೇಜಿಗೆ ಅದರ ಒಂದು ಕೋಡು ಓದುವ ಯಂತ್ರ ತಲುಪಿದ್ದು ನನ್ನ ಬ್ಯಾಗಿನಲ್ಲಿ, 1,200 ರೂಪಾಯಿಗೆ.

ಹೊರಡುವ ಹಿಂದಿನ ರಾತ್ರಿ ಅಪ್ಪನಿಗೆ ಗಾಡಿಯ ನಿಜವಾದ ಬೆಲೆ ಹೇಳಿದೆ. ಆರು ಲಕ್ಷ ಅಂದಿದ್ದೆ, ಹದಿನೇಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಬೈಯಲಿಲ್ಲ. "ಅದರ ದೀಪ ಹತ್ತಿದಾಗಾದ್ರೂ ಹೇಳ್ಬೇಕಿತ್ತು" ಅಂದರು. ಆಮೇಲೆ, ತುಂಬ ಹೊತ್ತಿನ ನಂತರ, "ನಾಳಿ ಶಹಾಬಾದ್ ತನಕ ಒಂದ್ ರೌಂಡ್ ಒಯ್ಯಿ" ಅಂದರು. ಮುಂಜಾನೆ ಒಯ್ದೆ. ಅಪ್ಪ ಕಿಟಕಿ ಇಳಿಸಿಕೊಂಡು, ಮ್ಯೂಸಿಕ್ ಬಂದ್ ಮಾಡಿಸಿ, ದಾರಿಯುದ್ದಕ್ಕೂ ಇಂಜಿನ್ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.

ಡಾಂಗಲ್ಲನ್ನು ಚಾಚಾನ ಹತ್ತಿರ ಬಿಟ್ಟುಬಂದೆ, ಅವರ ಮೊಮ್ಮಗನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟೆ. ಈಗ ವಾರಕ್ಕೊಂದು ವಾಟ್ಸಾಪ್ ಬರುತ್ತದೆ. ಮೊನ್ನೆಯದು ಒಂದು ಸ್ಕ್ರೀನ್‌ಶಾಟ್, ಜೊತೆಗೆ ವಾಯ್ಸ್ ಮೆಸೇಜು: "ಬೇಟಾ, P0113 ಅಂದ್ರ ಏನು?" ಒಳಬರುವ ಗಾಳಿಯ ಬಿಸಿ ಅಳೆಯುವ ಸೆನ್ಸರಿನ ಲೈನು ಚಾಚಾ, ವೈರ್ ಕಡಿದಿರಬಹುದು, ಮೊದಲು ವೈರ್ ನೋಡ್ರಿ ಅಂದೆ. ಅರ್ಧ ಗಂಟೆ ಬಿಟ್ಟು ಇಲಿ ಕಡಿದ ವೈರಿನ ಫೋಟೋ ಬಂತು.

ರೊಕ್ಕ ತಗೊಂಡ್ರೇನು ಅಂತ ಕೇಳಿದೆ.

"ತಗೊಂಡೆ. ಮಶೀನ್ ಹಚ್ಚಿ ನೋಡಿದ್ರ ನೂರು ರೂಪಾಯಿ ಇಟ್ಟೀನಿ. ಕೇಳಿ ಕೊಡ್ತಾರ." ಸ್ವಲ್ಪ ತಡೆದು ನಕ್ಕರು. "ಕಿವಿಲಿಂದ ನೋಡಿದ್ದಕ್ಕ ಇನ್ನಾ ಫುಕಟ್ ಅದ."